ತರ, ತಮ ಮತ್ತು ತಾರತಮ್ಯ: 'ಬೆಸ್ಟ್' ಪಾಠದ ಹಿಂದಿನ ಕತೆ

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವುದು ನನ್ನ ಹೊಟ್ಟೆಪಾಡು. ವರ್ಷಕ್ಕೊಮ್ಮೆ 'ಡಿಗ್ರೀಸ್ ಆಫ್ ಕಂಪ್ಯಾರಿಸನ್' ಎಂಬ ಪಾಠ ಬರುತ್ತದೆ. ಟಾಲ್, ಟಾಲರ್, ಟಾಲೆಸ್ಟ್. ಗುಡ್, ಬೆಟರ್, ಬೆಸ್ಟ್. ನಿಮಗೂ ನೆನಪಿರಬೇಕು, ಮಗ್ಗಿಯ ಹಾಗೆ ರಾಗವಾಗಿ ಒಪ್ಪಿಸಿದ್ದೇವಲ್ಲ! ಈ ಪಾಠದಲ್ಲಿ ಮಕ್ಕಳು ಮಾಡುವ ತಪ್ಪುಗಳೂ ಪ್ರತಿ ವರ್ಷ ಅವೇ. 'ಮೋರ್ ಬೆಟರ್' ಅಂತಾರೆ, 'ಮೋಸ್ಟ್ ಕ್ಲೆವರೆಸ್ಟ್' ಅಂತಾರೆ, 'ರಾಮ ಈಸ್ ಟಾಲ್ ದ್ಯಾನ್ ಆಲ್' ಅಂತಾರೆ. 'ಬೆಸ್ಟ್' ಹಿಂದಿನ 'ದಿ' ನುಂಗಿಬಿಡ್ತಾರೆ. ಕೆಂಪು ಶಾಯಿ ಖರ್ಚಾಗುತ್ತದೆ, ಮಕ್ಕಳ ಮುಖ ಸಪ್ಪಗಾಗುತ್ತದೆ.

ಈ ತಪ್ಪುಗಳು ಎಲ್ಲಿಂದ ಬರುತ್ತವೆ ಅಂತ ಹುಡುಕುತ್ತಾ ಹೋದರೆ ಒಂದು ದೊಡ್ಡ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ. ಗ್ರೀಸಿನಿಂದ ಹೊರಟು ರೋಮು, ಲಂಡನ್ನು, ಮುಂಬಯಿ ದಾಟಿ ನಮ್ಮ ಬೆಂಗಳೂರಿಗೆ ಬಂದು ಮುಟ್ಟುವ ದಾರಿ ಅದು. ನಡುವೆ ನಮ್ಮ ಪಾಣಿನಿಯೂ ಸಿಗುತ್ತಾನೆ. ತುಂಬ ದಿನದಿಂದ ಇದನ್ನು ಬ್ಲಾಗಿಗೆ ಹಾಕಬೇಕು ಅಂದುಕೊಂಡಿದ್ದೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ :-)

ಮೊದಲು ಗ್ರೀಕರ ಕತೆ. ಕ್ರಿಸ್ತಪೂರ್ವ 100ರ ಸುಮಾರಿನ ಡಯೊನೀಸಿಯಸ್ ಥ್ರಾಕ್ಸ್ ಎಂಬ ಪಂಡಿತನ ಹೆಸರಿನಲ್ಲಿ ಒಂದು ಪುಟ್ಟ ವ್ಯಾಕರಣ ಉಳಿದುಬಂದಿದೆ. ಅದರಲ್ಲಿ ವಿಶೇಷಣ ಎಂಬ ಬೇರೆ ಜಾತಿಯೇ ಇಲ್ಲ, ಅದೂ ನಾಮಪದದ ಒಂದು ಬಗೆ. ಆ ಬಗೆಗಳ ಪಟ್ಟಿಯಲ್ಲಿ 'ಹೋಲಿಸುವ ನಾಮ' ಮತ್ತು 'ಎಲ್ಲವನ್ನೂ ಮೀರಿಸುವ ನಾಮ' ಎಂದು ಎರಡು ಬರುತ್ತವೆ. ರೋಮನ್ನರು ಇದನ್ನು ಲ್ಯಾಟಿನ್ನಿಗೆ ಹೊಂದಿಸಿಕೊಂಡರು. 4ನೇ ಶತಮಾನದಲ್ಲಿ ಡೊನಾಟಸ್ ಎಂಬ ಮೇಷ್ಟ್ರು ಪ್ರಶ್ನೋತ್ತರದ ರೂಪದಲ್ಲಿ ಮಕ್ಕಳಿಗೊಂದು ಕೈಪಿಡಿ ಬರೆದ. ಹೋಲಿಕೆಯ ಮೆಟ್ಟಿಲು ಎಷ್ಟು? ಮೂರು. ಯಾವುವು? ಪಾಸಿಟಿವ್, ಕಂಪ್ಯಾರಟಿವ್, ಸೂಪರ್ಲೇಟಿವ್. ಇಂದು ನಾನು ಬೋರ್ಡಿನ ಮೇಲೆ ಎಳೆಯುವ ಮೂರು ಕಂಬಸಾಲು ಹದಿನಾರು ಶತಮಾನ ಹಳೆಯದು. ಯೂರೋಪಿನ ಮಕ್ಕಳು ಸಾವಿರ ವರ್ಷ ಡೊನಾಟಸ್ಸನನ್ನು ಬಾಯಿಪಾಠ ಮಾಡಿದರು.

ಅಂದರೆ ಇದು ಹುಟ್ಟಿದ್ದು ಇಂಗ್ಲಿಷಿಗಾಗಿ ಅಲ್ಲ. ಇಂಗ್ಲಿಷಿನ ಮೊದಲ ವ್ಯಾಕರಣ ಬಂದದ್ದೇ 1586ರಲ್ಲಿ, ವಿಲಿಯಂ ಬುಲ್ಲೋಕರ್ ಎಂಬಾತನಿಂದ. ಅವನೂ ಲ್ಯಾಟಿನ್ ಅಚ್ಚಿಗೇ ಇಂಗ್ಲಿಷನ್ನು ಸುರಿದ. ಪುಣ್ಯಕ್ಕೆ ಈ ಒಂದು ವಿಷಯದಲ್ಲಿ ಅಚ್ಚು ಸುಮಾರಾಗಿ ಹೊಂದಿತು. ಹಳೆಯ ಇಂಗ್ಲಿಷಿನಲ್ಲಿ 'ರ' ಮತ್ತು 'ಎಸ್ಟ್' (ಕೆಲವೊಮ್ಮೆ 'ಓಸ್ಟ್') ಎಂಬ ಪ್ರತ್ಯಯಗಳು ಇದ್ದವು. ಆದರೆ 'ಮೋರ್', 'ಮೋಸ್ಟ್' ಎಂಬ ಬಿಡಿಪದ ಮುಂದೆ ಸೇರಿಸುವ ಪದ್ಧತಿ ಆಮೇಲೆ, ಮಧ್ಯಕಾಲದಲ್ಲಿ ಬೆಳೆಯಿತು. ಒಂದೇ ಕೆಲಸಕ್ಕೆ ಇಬ್ಬರು ಆಳು! ಹಾಗಾದಾಗ ಏನಾಗುತ್ತದೆ? ಇಬ್ಬರೂ ಒಟ್ಟಿಗೇ ಕೆಲಸಕ್ಕೆ ಬರುತ್ತಾರೆ.

ಬಂದರು ಕೂಡ. ಶೇಕ್ಸ್‌ಪಿಯರ್ 'ಜೂಲಿಯಸ್ ಸೀಸರ್' ನಾಟಕದಲ್ಲಿ ಬ್ರೂಟಸ್ ಹಾಕಿದ ಇರಿತದ ಬಗ್ಗೆ ಆಂಟನಿಯ ಬಾಯಲ್ಲಿ ಮಾತಾಡಿಸುವಾಗ, ಒಂದೇ ವಿಶೇಷಣಕ್ಕೆ ಮುಂದೆ 'ಮೋಸ್ಟ್' ಹಿಂದೆ 'ಎಸ್ಟ್' ಎರಡನ್ನೂ ಹಚ್ಚಿದ್ದಾನೆ. ನಮ್ಮ ಹುಡುಗ ಬರೆದ 'ಮೋಸ್ಟ್ ಕ್ಲೆವರೆಸ್ಟ್'ಗೂ ಅದಕ್ಕೂ ರಚನೆಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಶೇಕ್ಸ್‌ಪಿಯರನ ಗೆಳೆಯ, ಸ್ವತಃ ಲ್ಯಾಟಿನ್ ಪಂಡಿತ ಬೆನ್ ಜಾನ್ಸನ್ ಒಂದು ಇಂಗ್ಲಿಷ್ ವ್ಯಾಕರಣ ಬರೆದಿದ್ದ. ಅದು ಅವನು ಸತ್ತ ಮೇಲೆ, 1640ರಲ್ಲಿ ಅಚ್ಚಾಯಿತು. ಈ ಜೋಡಿ ರೂಪವನ್ನು ಅವನು ತಪ್ಪು ಅನ್ನಲಿಲ್ಲ. ಹಳೆಯ ಗ್ರೀಕರ ಸೊಗಸಾದ ಶೈಲಿಗೆ ಸಮಾನವಾದ ಬೆಡಗು ಎಂದು ಹೊಗಳಿದ. ಹೊಗಳುವ ವಾಕ್ಯದಲ್ಲಿ ತಾನೂ ಒಂದು ಜೋಡಿ ರೂಪ ಬಳಸಿದ!

ಹಾಗಾದರೆ ಇದು ತಪ್ಪಾದದ್ದು ಯಾವಾಗ? 18ನೇ ಶತಮಾನದಲ್ಲಿ. 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ (ಮುಂದೆ ಲಂಡನ್ನಿನ ಬಿಷಪ್ ಆದವನು) ಒಂದು ಚಿಕ್ಕ ವ್ಯಾಕರಣ ಪ್ರಕಟಿಸಿದ. ದೊಡ್ಡ ದೊಡ್ಡ ಲೇಖಕರ ವಾಕ್ಯಗಳನ್ನೇ ಎತ್ತಿ ತೋರಿಸಿ ಇದು ತಪ್ಪು, ಅದು ತಪ್ಪು ಎಂದು ಅಡಿಟಿಪ್ಪಣಿ ಹಾಕುವುದು ಅವನ ರೀತಿ. ಜೋಡಿ ಕಂಪ್ಯಾರಟಿವ್, ಜೋಡಿ ಸೂಪರ್ಲೇಟಿವ್ ಎರಡೂ ಅವನಿಗೆ ಆಗದು. ಆದರೆ ಒಂದೇ ಒಂದು ವಿನಾಯಿತಿ ಕೊಟ್ಟ. ಹಳೆಯ ಕೀರ್ತನೆಗಳ ಅನುವಾದದಲ್ಲಿ ದೇವರನ್ನು 'ಮೋಸ್ಟ್ ಹೈಯೆಸ್ಟ್' ಎಂದು ಕರೆದಿತ್ತು. ದೇವರು ಎತ್ತರದಲ್ಲೆಲ್ಲ ಎತ್ತರದವನನ್ನೂ ಮೀರಿದವನಾದ್ದರಿಂದ ಅವನಿಗೆ ಮಾತ್ರ ಇದು ಒಪ್ಪುತ್ತದೆ ಎಂದ. ದೇವರಿಗೆ ಎರಡು, ಮನುಷ್ಯರಿಗೆ ಒಂದೇ!

ಲೌತ್ ಹೇಳಿದ್ದನ್ನು ಊರೂರಿಗೆ ಹಂಚಿದವನು ಲಿಂಡ್ಲೆ ಮರ್ರೆ. ಅಮೆರಿಕದ ವಕೀಲ, ಕ್ವೇಕರ್ ಪಂಥದವನು, ಇಂಗ್ಲೆಂಡಿನ ಯಾರ್ಕ್ ಊರಿನ ಹತ್ತಿರ ಬಂದು ನೆಲೆಸಿದ್ದ. ಅಲ್ಲಿನ ಒಂದು ಹೆಣ್ಣುಮಕ್ಕಳ ಶಾಲೆಗಾಗಿ 1795ರಲ್ಲಿ ಬರೆದ ಅವನ ವ್ಯಾಕರಣ ಅಟ್ಲಾಂಟಿಕ್ಕಿನ ಎರಡೂ ದಡದಲ್ಲಿ ಲಕ್ಷಾಂತರ ಪ್ರತಿ ಮಾರಾಟವಾಯಿತು. ಮಧ್ಯಮವರ್ಗ ಬೆಳೆಯುತ್ತಿದ್ದ ಕಾಲ. 'ಸರಿಯಾದ' ಇಂಗ್ಲಿಷ್ ಬಂದರೆ ಮೇಲಿನ ಜನ, ಬರದಿದ್ದರೆ ಕೆಳಗಿನ ಜನ ಎನ್ನುವ ಹೊಸ ಅಳತೆಗೋಲು. ಇನ್ನೊಂದು ನಿಯಮವೂ ಅದೇ ಕಾಲಘಟ್ಟದಲ್ಲಿ ಗಟ್ಟಿಯಾಯಿತು: ಇಬ್ಬರ ನಡುವೆ ಹೋಲಿಸುವಾಗ 'ಎಸ್ಟ್' ಬಾರದು, 'ಅರ್' ಮಾತ್ರ ಬರಬೇಕು. ಜೇನ್ ಆಸ್ಟಿನ್ ಇದಕ್ಕೆ ಸೊಪ್ಪು ಹಾಕಲಿಲ್ಲ. 1815ರ ಕೊನೆಗೆ ಬಂದ ಅವಳ 'ಎಮ್ಮಾ' ಕಾದಂಬರಿಯ ಶುರುವಿನಲ್ಲೇ, ಇಬ್ಬರು ಹೆಣ್ಣುಮಕ್ಕಳಲ್ಲಿ ಕಿರಿಯವಳಾದ ನಾಯಕಿಗೆ 'ಯಂಗೆಸ್ಟ್' ಎಂದೇ ಬರೆದಿದ್ದಾಳೆ.

ಈಗ ನಮ್ಮ ಕಡೆಗೆ ಬರೋಣ. 'ಇಬ್ಬರಿದ್ದರೆ ಒಂದು, ಹಲವರಿದ್ದರೆ ಇನ್ನೊಂದು' ಎಂಬ ಈ ನಿಯಮವನ್ನು ಇಂಗ್ಲಿಷರಿಗಿಂತ ಎರಡು ಸಾವಿರ ವರ್ಷ ಮೊದಲೇ ಪಾಣಿನಿ ಸಂಸ್ಕೃತಕ್ಕೆ ಬರೆದಿಟ್ಟಿದ್ದ. ಅಷ್ಟಾಧ್ಯಾಯಿಯ ಐದನೇ ಅಧ್ಯಾಯದಲ್ಲಿ ಇದು ಬರುತ್ತದೆ. ಇಬ್ಬರ ನಡುವೆ ಮೇಲು ಹೇಳಲು 'ತರ' ಮತ್ತು 'ಈಯಸ್', ಹಲವರಲ್ಲಿ ಮೇಲು ಹೇಳಲು 'ತಮ' ಮತ್ತು 'ಇಷ್ಠ'. ಪ್ರಿಯತರ, ಪ್ರಿಯತಮ. ಗುರುವಿನಿಂದ ಗರಿಷ್ಠ, ಲಘುವಿನಿಂದ ಲಘಿಷ್ಠ. ಜ್ಯೇಷ್ಠ, ಕನಿಷ್ಠ, ಶ್ರೇಷ್ಠ, ಬಲಿಷ್ಠ... ಇವನ್ನು ನಾವು ಕನ್ನಡದಲ್ಲಿ ದಿನಾ ಬಳಸುತ್ತೇವೆ.

ಈ 'ಇಷ್ಠ'ವೂ ಇಂಗ್ಲಿಷಿನ 'ಎಸ್ಟ್' ಕೂಡ ಒಡಹುಟ್ಟಿದವು! ಗ್ರೀಕಿನಲ್ಲಿ ಅದೇ 'ಇಸ್ಟೋಸ್'. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಅಂದನಲ್ಲ, ಆಮೇಲೆ 19ನೇ ಶತಮಾನದ ಭಾಷಾಶಾಸ್ತ್ರಿಗಳು ಒಂದೊಂದೇ ಪ್ರತ್ಯಯ ಜೋಡಿಸಿ ತೋರಿಸಿದರು. ಇನ್ನೊಂದು ಸೋಜಿಗ ನೋಡಿ. ಇಂಗ್ಲಿಷಿನ 'ಫೋರ್‌ಮೋಸ್ಟ್', 'ಅಟ್‌ಮೋಸ್ಟ್', 'ಇನ್‌ಮೋಸ್ಟ್' ಪದಗಳಲ್ಲಿರುವ 'ಮೋಸ್ಟ್' ಮೂಲದಲ್ಲಿ 'ಹೆಚ್ಚು' ಎಂಬರ್ಥದ ಮೋಸ್ಟ್ ಅಲ್ಲವೇ ಅಲ್ಲ. ಅದರೊಳಗಿರುವುದು 'ಮ' ಎಂಬ ಇನ್ನೂ ಹಳೆಯ ಪ್ರತ್ಯಯ. ನಮ್ಮ ಪರಮ, ಅಧಮ, ಮಧ್ಯಮ ಪದಗಳಲ್ಲಿರುವುದು ಅದೇ. ಆ ಹಳೆಯ 'ಮ' ಸವೆದು ಜನಕ್ಕೆ ಅರ್ಥವಾಗದೇ ಹೋದಾಗ ಅದರ ಮೇಲೆ ಮತ್ತೊಂದು 'ಎಸ್ಟ್' ಹೊದಿಸಿದರು. ಆಮೇಲೆ ಅದು 'ಮೋಸ್ಟ್' ಥರ ಕೇಳಿಸಿ ಕಾಗುಣಿತವೂ ಹಾಗೇ ಆಯಿತು. ಅಂದರೆ ಪಂಡಿತರು ಧಾರಾಳವಾಗಿ ಬಳಸುವ 'ಫೋರ್‌ಮೋಸ್ಟ್' ಹುಟ್ಟಿನಿಂದಲೇ ಜೋಡಿ ಸೂಪರ್ಲೇಟಿವ್.

ಸಂಸ್ಕೃತದಲ್ಲೂ ಅಷ್ಟೇ. 'ಶ್ರೇಷ್ಠ'ದಲ್ಲಿ ಒಮ್ಮೆ 'ಇಷ್ಠ' ಬಂದಾಗಿದೆ. ಆದರೂ 'ಶ್ರೇಷ್ಠತಮ' ಎಂಬ ಪದ ಯಜುರ್ವೇದದ ಆರಂಭದಲ್ಲೇ ಇದೆ. ಮಹಾಭಾರತಕ್ಕೂ ಹಿಂದಿನ 'ಮೋಸ್ಟ್ ಬೆಸ್ಟ್' ಅನ್ನಿ! ಕನ್ನಡದಲ್ಲಿ ನಾವು 'ಅತೀ ಶ್ರೇಷ್ಠ', 'ಅತ್ಯಂತ ಬಲಿಷ್ಠ' ಎಂದು ಬರೆದಾಗಲೂ ನಡೆಯುವುದು ಇದೇ. ಪ್ರತ್ಯಯದ ಕಸುವು ಕಿವಿಗೆ ಕೇಳಿಸದೇ ಹೋದಾಗ ಮಾತಾಡುವವನು ಇನ್ನೊಂದು ಹಿಡಿ ಸೇರಿಸುತ್ತಾನೆ. 'ಮೋರ್ ಬೆಟರ್' ಅನ್ನುವ ಹುಡುಗನಿಗೂ ಅಷ್ಟೇ. 'ಬೆಟರ್'ನೊಳಗೆ 'ಹೆಚ್ಚು' ಅಡಗಿದೆ ಅಂತ ಅವನ ಕಿವಿಗೆ ಗೊತ್ತಾಗುವುದಿಲ್ಲ. ಆದ್ದರಿಂದ 'ಹೆಚ್ಚು' ಎಂಬುದನ್ನು ಬಿಡಿಯಾಗಿ ಹೇಳುತ್ತಾನೆ. ಇದು ದಡ್ಡತನ ಅಲ್ಲ ಸ್ವಾಮಿ, ವೇದಕಾಲದಿಂದ ಬಂದ ಅಭ್ಯಾಸ.

ಇನ್ನು 'ಟಾಲ್ ದ್ಯಾನ್ ಆಲ್'. ಇದರ ಮೂಲ ನಮ್ಮ ಅಚ್ಚಗನ್ನಡದಲ್ಲಿದೆ. ಕನ್ನಡದ ವಿಶೇಷಣಕ್ಕೆ ಯಾವ ಬಾಲವೂ ಹತ್ತುವುದಿಲ್ಲ. ಎತ್ತರ ಎತ್ತರವೇ, ದೊಡ್ಡದು ದೊಡ್ಡದೇ. ಹೋಲಿಕೆಯ ಭಾರವನ್ನೆಲ್ಲ ಹೊರುವುದು ಪಕ್ಕದ ನಾಮಪದ: 'ಅವನಿಗಿಂತ ಎತ್ತರ', 'ಎಲ್ಲರಿಗಿಂತ ಎತ್ತರ', 'ನಾಲ್ವರಲ್ಲಿ ದೊಡ್ಡವನು'. ಅಪ್ಪನ ಅಣ್ಣ ಒಬ್ಬನೇ ಇರಲಿ, ಮೂವರಿರಲಿ, ಎಲ್ಲರೂ 'ದೊಡ್ಡಪ್ಪ'ಗಳೇ, 'ದೊಡ್ಡತರಪ್ಪ' ಯಾರೂ ಇಲ್ಲ :-) 13ನೇ ಶತಮಾನದ ಕೇಶಿರಾಜ ಸಂಸ್ಕೃತ ವ್ಯಾಕರಣದ ದಾರಿಯಲ್ಲಿ ನಡೆದವನಾದರೂ ಶಬ್ದಮಣಿದರ್ಪಣದಲ್ಲಿ ತರ-ತಮಕ್ಕೆಂದು ಪ್ರತ್ಯೇಕ ಪ್ರಕರಣ ಮಾಡಲಿಲ್ಲ. ಬಿಷಪ್ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದಾಗ ಇದನ್ನು ಸ್ಪಷ್ಟವಾಗಿ ಗುರುತಿಸಿದ: ಈ ಭಾಷೆಗಳಲ್ಲಿ ಹೋಲಿಕೆ ವಿಶೇಷಣದ ಪ್ರತ್ಯಯದಿಂದ ಆಗುವುದಿಲ್ಲ, ವಾಕ್ಯರಚನೆಯಿಂದ ಆಗುತ್ತದೆ.

ಹಾಗಂತ ಕನ್ನಡಕ್ಕೆ ತನ್ನದೇ 'ತಮ' ಇಲ್ಲವೆ? ಇದೆ, ನಮ್ಮ ಕಣ್ಣಿಗೆ ಬಿದ್ದಿಲ್ಲ ಅಷ್ಟೇ. ಮೊಟ್ಟಮೊದಲು. ಕಟ್ಟಕಡೆ. ನಟ್ಟನಡು. ತುತ್ತತುದಿ. ಶಾಲೆಯ ವ್ಯಾಕರಣದಲ್ಲಿ ಇವನ್ನು ದ್ವಿರುಕ್ತಿಯ ಪಾಠದಲ್ಲಿ ಹೇಳಿಕೊಡುತ್ತಾರೆ. ಅರ್ಥ ನೋಡಿದರೆ ಇವು ಶುದ್ಧ ಸೂಪರ್ಲೇಟಿವ್. ಮೊಟ್ಟಮೊದಲಿಗಿಂತ ಮೊದಲು ಇನ್ನೊಂದಿಲ್ಲ, ತುತ್ತತುದಿಗಿಂತ ಆಚೆ ತುದಿಯಿಲ್ಲ. ಇವೆಲ್ಲ ಜಾಗ ಹೇಳುವ ಪದಗಳು ಎಂಬುದನ್ನೂ ಗಮನಿಸಿ. ಇಂಗ್ಲಿಷಿನ ಆ ಹಳೆಯ 'ಮ' ಉಳಿದಿರುವುದೂ ಮುಂದೆ, ಒಳಗೆ, ಹೊರಗೆ ಎನ್ನುವ ಜಾಗದ ಪದಗಳಲ್ಲೇ! ಇವೆರಡಕ್ಕೂ ರಕ್ತಸಂಬಂಧ ಇಲ್ಲ. ಆದರೂ ಸಾಲಿನ ತುದಿ ಯಾವುದು ಎಂದು ಒತ್ತಿ ಹೇಳುವ ಅಗತ್ಯ ಎರಡು ಕಡೆಯ ಮನುಷ್ಯರಿಗೂ ಇತ್ತು ಅನ್ನೋದು ನನಗೆ ಖುಷಿ ಕೊಡುವ ಸಂಗತಿ.

ಸರಿ, ಮರ್ರೆಯ ನಿಯಮ ನಮ್ಮ ಶಾಲೆಗಳಿಗೆ ಬಂದದ್ದು ಹೇಗೆ? 1835ರ ಮೆಕಾಲೆ ಟಿಪ್ಪಣಿಯ ನಂತರ ಸರ್ಕಾರದ ದುಡ್ಡು ಇಂಗ್ಲಿಷ್ ವಿದ್ಯೆಯ ಕಡೆ ಹರಿಯಿತು. ಇಂಗ್ಲಿಷ್ ಬಂದವನಿಗೆ ಕಚೇರಿಯಲ್ಲಿ ಕೆಲಸ. ಬಂತೋ ಇಲ್ಲವೋ ಎಂದು ಅಳೆಯಲು ಪರೀಕ್ಷೆ. ಪರೀಕ್ಷೆಗೆ ಹೇಳಿಮಾಡಿಸಿದ್ದು ವ್ಯಾಕರಣ, ಏಕೆಂದರೆ ಸರಿ-ತಪ್ಪು ಎಂದು ಗೆರೆ ಎಳೆಯಬಹುದು. 1890ರ ದಶಕದಲ್ಲಿ ಉತ್ತರ ಭಾರತದ ಶಿಕ್ಷಣ ಇಲಾಖೆಯಲ್ಲಿದ್ದ ನೆಸ್‌ಫೀಲ್ಡ್ ಭಾರತೀಯ ವಿದ್ಯಾರ್ಥಿಗಳಿಗೆಂದೇ ವ್ಯಾಕರಣಗಳ ಸರಣಿ ಬರೆದ. ಆಮೇಲೆ 1930ರ ದಶಕದಲ್ಲಿ ಮುಂಬಯಿಯಿಂದ ಬಂತು ನೋಡಿ ನಮ್ಮೆಲ್ಲರ 'ರೆನ್ ಅಂಡ್ ಮಾರ್ಟಿನ್'. ಅಂದ ಹಾಗೆ ಆ ಪಿ.ಸಿ. ರೆನ್ ಅಂದರೆ 'ಬೋ ಜೆಸ್ಟ್' (1924) ಎಂಬ ಸಾಹಸ ಕಾದಂಬರಿ ಬರೆದ ರೆನ್. ಮರಳುಗಾಡಿನ ಫ್ರೆಂಚ್ ಸೈನಿಕರ ಕತೆ ಬರೆದವನೇ ನಮಗೆ 'ವೆರಿ ಫ್ಯೂ', 'ನೋ ಅದರ್' ಹಾಕಿ ಡಿಗ್ರಿ ಬದಲಿಸುವ ಕಸರತ್ತನ್ನೂ ಕೊಟ್ಟು ಹೋದ.

ಈ ಕಸರತ್ತನ್ನು ಬೈಯುವುದು ಸುಲಭ. ಆದರೆ ಅದರೊಳಗೆ ಒಂದು ಒಳ್ಳೆಯ ತರ್ಕ ಇದೆ. 'ಇದು ಎಲ್ಲಕ್ಕಿಂತ ದೊಡ್ಡದು', 'ಬೇರಾವುದೂ ಇದರಷ್ಟು ದೊಡ್ಡದಲ್ಲ', ಎರಡೂ ಒಂದೇ ಮಾತು ಎಂದು ಅದು ತೋರಿಸುತ್ತದೆ. ಕನ್ನಡದ ಮಕ್ಕಳಿಗೆ ಇದು ಹುಟ್ಟಿನಿಂದ ಗೊತ್ತು. ನಮ್ಮ ಭಾಷೆ ಸೂಪರ್ಲೇಟಿವ್ ಹೇಳುವುದೇ ಕಂಪ್ಯಾರಟಿವ್ ಮೂಲಕ. 'ಎಲ್ಲರಿಗಿಂತ' ಎಂಬುದರಲ್ಲಿ 'ಗಿಂತ' ಇದ್ದೇ ಇದೆ. ಹಿಂದಿಯ 'ಸಬ್ ಸೇ ಬಡಾ' ಕೂಡ ಹೀಗೇ. ಫ್ರೆಂಚರು ಕಂಪ್ಯಾರಟಿವ್‌ಗೆ ಒಂದು 'ದಿ' ಹಚ್ಚಿ ಸೂಪರ್ಲೇಟಿವ್ ಮಾಡಿಕೊಳ್ಳುತ್ತಾರೆ. ಜೊನಾಥನ್ ಬೊಬಾಲ್ಜಿಕ್ ಎಂಬ ಭಾಷಾಶಾಸ್ತ್ರಿ 2012ರಲ್ಲಿ ನೂರಾರು ಭಾಷೆಗಳನ್ನು ಇಟ್ಟುಕೊಂಡು ಒಂದು ಪುಸ್ತಕ ಬರೆದರು. ಸೂಪರ್ಲೇಟಿವ್‌ನ ಹೊಟ್ಟೆಯಲ್ಲಿ ಯಾವಾಗಲೂ ಕಂಪ್ಯಾರಟಿವ್ ಕೂತಿರುತ್ತದೆ ಎಂಬುದು ಅವರ ವಾದ. ಅದಕ್ಕೇ 'ಗುಡ್' ಎಂಬುದು 'ಬೆಟರ್' ಆಗುವಾಗ ಬೇರು ಬದಲಿಸಿದರೆ 'ಬೆಸ್ಟ್'ನಲ್ಲೂ ಬದಲಿಸಲೇಬೇಕು. ನಡುವಿನದು 'ಗುಡರ್' ಆಗಿ ಉಳಿದು ಕೊನೆಯದು ಮಾತ್ರ 'ಬೆಸ್ಟ್' ಆಗುವ ಭಾಷೆ ಸಿಗುವುದಿಲ್ಲ. ಪಾಣಿನಿಯಲ್ಲೂ ಹಾಗೇ ಇದೆ: 'ಪ್ರಶಸ್ಯ' ಎಂಬ ಪದ ಶ್ರೇಯಸ್, ಶ್ರೇಷ್ಠ ಎರಡರಲ್ಲೂ 'ಶ್ರ' ಆಗುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಕಲಿಸುವ ರೀತಿ ಬದಲಾಯಿತು. 1958ರಲ್ಲಿ ಹೈದರಾಬಾದಿನಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್, 1963ರಲ್ಲಿ ಬೆಂಗಳೂರಿನಲ್ಲಿ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಶುರುವಾದವು. ನಿಯಮ ಬಾಯಿಪಾಠ ಬೇಡ, ವಾಕ್ಯದ ಮಾದರಿ ಕಣ್ಣಮುಂದೆ ತೋರಿಸಿ ಹೇಳಿಸಿ ಎನ್ನುವ 'ಸ್ಟ್ರಕ್ಚರಲ್' ಪದ್ಧತಿ ಬಂತು. ಕಣ್ಣಮುಂದೆ ತೋರಿಸುವುದು ಅಂದರೆ ಹೆಚ್ಚಿನ ಕ್ಲಾಸುಗಳಲ್ಲಿ ಏನು ಗೊತ್ತೆ? ಮೂವರು ಹುಡುಗರನ್ನು ಸಾಲಾಗಿ ನಿಲ್ಲಿಸುವುದು. ಇವನು ಟಾಲ್, ಇವನು ಟಾಲರ್, ಇವನು ಟಾಲೆಸ್ಟ್. ಅಲ್ಲಿಗೇ ನಿಂತರೆ ಸರಿ. ಮುಂದೆ 'ಶಾರ್ಟೆಸ್ಟ್' ಬರುತ್ತದೆ, 'ಫ್ಯಾಟೆಸ್ಟ್' ಬರುತ್ತದೆ, 'ವೀಕೆಸ್ಟ್' ಬರುತ್ತದೆ. ಆ ಸಾಲಿನ ಕೊನೆಯಲ್ಲಿ ನಿಂತ ಮಗುವಿಗೆ ಅವತ್ತಿಂದ ಅದೇ ಅಡ್ಡಹೆಸರು. ಉದಾಹರಣೆ ಮೇಷ್ಟ್ರಿಗೆ ಮರುದಿನ ಮರೆತುಹೋಗುತ್ತದೆ, ಅಡ್ಡಹೆಸರು ಹತ್ತನೇ ಕ್ಲಾಸಿನ ತನಕ ಹಿಂದೆ ಬರುತ್ತದೆ.

ಇಲ್ಲಿ ನನ್ನನ್ನು ಬಹಳ ಕಾಡುವ ಪದವೊಂದಿದೆ: ತಾರತಮ್ಯ. ತರ ಮತ್ತು ತಮ, ಆ ಎರಡು ಪ್ರತ್ಯಯಗಳನ್ನೇ ಕೂಡಿಸಿ ಮಾಡಿದ ಪದ ಅದು. ಕಂಪ್ಯಾರಟಿವ್-ಸೂಪರ್ಲೇಟಿವ್-ತನ ಎಂದಷ್ಟೇ ಅರ್ಥ! ಮಧ್ವಮತದಲ್ಲಿ ಅದು ಸಿದ್ಧಾಂತದ ಪದವಾಯಿತು. ದೇವತೆಗಳಲ್ಲಿ, ಜೀವರಲ್ಲಿ ಮೇಲು ಕೆಳಗಿನ ಮೆಟ್ಟಿಲುಗಳಿವೆ ಎನ್ನುವ ತತ್ತ್ವ. ಜಗನ್ನಾಥದಾಸರ ಹರಿಕಥಾಮೃತಸಾರದಲ್ಲಿ ತಾರತಮ್ಯದ ಹೆಸರಿನ ಸಂಧಿಗಳೇ ಇವೆ. ಇಂದಿನ ಕನ್ನಡದಲ್ಲಿ ಆ ಪದಕ್ಕೆ ಉಳಿದಿರುವ ಅರ್ಥ ಭೇದಭಾವ. ಪತ್ರಿಕೆ ಬಿಡಿಸಿದರೆ ಲಿಂಗ ತಾರತಮ್ಯ, ಜಾತಿ ತಾರತಮ್ಯ. ವ್ಯಾಕರಣದ ಎರಡು ಮುಗ್ಧ ಪ್ರತ್ಯಯಗಳು ಮನುಷ್ಯರ ಮೇಲೆ ಪ್ರಯೋಗವಾಗಿ ಆಗಿ ಎಲ್ಲಿಗೆ ಬಂದು ಮುಟ್ಟುತ್ತವೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇದೇ ಬೆಂಗಳೂರಿನಿಂದ ಇನ್ನೊಂದು ದಾರಿಯೂ ಹೊರಟಿತು. ಎನ್.ಎಸ್. ಪ್ರಭು ಅವರು ಮದ್ರಾಸಿನ ಬ್ರಿಟಿಷ್ ಕೌನ್ಸಿಲ್ ಮತ್ತು ಬೆಂಗಳೂರಿನ ಇಂಗ್ಲಿಷ್ ಸಂಸ್ಥೆಯ ಬೆಂಬಲದಿಂದ 1979ರಿಂದ 1984ರವರೆಗೆ ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಜಗತ್ತಿನ ಇಂಗ್ಲಿಷ್ ಮೇಷ್ಟ್ರುಗಳಿಗೆಲ್ಲ ಅದು 'ಬ್ಯಾಂಗಲೋರ್ ಪ್ರಾಜೆಕ್ಟ್' ಎಂದೇ ಪರಿಚಿತ. ಅದರಲ್ಲಿ ವ್ಯಾಕರಣದ ಪಾಠಪಟ್ಟಿಯೇ ಇಲ್ಲ. ರೈಲಿನ ವೇಳಾಪಟ್ಟಿ, ನಕಾಶೆ ಇಂಥವನ್ನು ಕೊಟ್ಟು ಲೆಕ್ಕದಂಥ ಸಮಸ್ಯೆಗಳನ್ನು ಬಿಡಿಸಲು ಹೇಳುವುದು. ಮನಸ್ಸು ಅರ್ಥದಲ್ಲಿ ಮುಳುಗಿದ್ದಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1987ರಲ್ಲಿ ಅವರ 'ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ' ಬಂತು. ಇಂದು 'ಟಾಸ್ಕ್' ಎಂದು ಎಲ್ಲ ಕಡೆ ಕೇಳಿಬರುವ ಕಲಿಕೆಯ ಚರ್ಚೆಯಲ್ಲಿ ಬೆಂಗಳೂರಿನ ಹೆಸರು ಬಂದೇ ಬರುತ್ತದೆ. ನಮ್ಮೂರಲ್ಲೇ ಎಷ್ಟು ಮೇಷ್ಟ್ರಿಗೆ ಇದು ಗೊತ್ತು?

ವ್ಯಾಕರಣವನ್ನು ಪೂರ್ತಿ ಬಿಡಲು ನನ್ನಿಂದ ಆಗುವುದಿಲ್ಲ, ಪರೀಕ್ಷೆ ಬಿಡುವುದಿಲ್ಲ. ಆದರೆ ಈ ಪಾಠಕ್ಕೆ ನಾನು ಮಕ್ಕಳನ್ನು ನಿಲ್ಲಿಸುವುದಿಲ್ಲ, ಬೆಟ್ಟಗಳನ್ನು ನಿಲ್ಲಿಸುತ್ತೇನೆ. ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರ ಯಾವುದು? ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ದಕ್ಷಿಣ ಭಾರತದಲ್ಲಿ? ಕೇರಳದ ಆನೆಮುಡಿ, 2,695 ಮೀಟರ್. ಪ್ರಪಂಚದಲ್ಲಿ? ಎವರೆಸ್ಟ್, ಸುಮಾರು 8,849. 'ಹೈಯೆಸ್ಟ್' ಎಂಬ ಪಟ್ಟ ಒಂದೇ, ಗಡಿ ಬದಲಾದಂತೆ ಅದನ್ನು ಕಟ್ಟಿಸಿಕೊಳ್ಳುವ ಬೆಟ್ಟ ಬದಲಾಗುತ್ತದೆ. ಹಾಗಾಗಿ 'ಯಾವುದರಲ್ಲಿ?' ಎಂದು ಹೇಳದೆ ಸೂಪರ್ಲೇಟಿವ್‌ಗೆ ಅರ್ಥವಿಲ್ಲ. ಗಡಿ ಹಾಕಿದ ಮೇಲೆ ಉಳಿಯುವುದು ಒಂದೇ, ಆ ಒಂದನ್ನು ಬೆರಳಿಟ್ಟು ತೋರಿಸುವುದೇ 'ದಿ'. ಇಷ್ಟು ಅರ್ಥವಾದ ಮೇಲೆ 'ದಿ' ನುಂಗುವುದು ಕಡಿಮೆಯಾಗುತ್ತದೆ. ಆಮೇಲೆ ಬೋರ್ಡಿನ ಮೇಲೆ 'ಜ್ಯೇಷ್ಠ' ಬರೆದು ಪಕ್ಕದಲ್ಲಿ 'ಎಲ್ಡೆಸ್ಟ್' ಬರೆಯುತ್ತೇನೆ. ಕೊನೆಯ ಸದ್ದು ಕೇಳಿ ಅಂತೀನಿ. ಒಂದು ಕ್ಷಣ ಮೌನ. ಹಿಂದಿನ ಬೆಂಚಿನಿಂದ ಯಾರೋ 'ಸಾರ್, ಬಲಿಷ್ಠ, ಸ್ಟ್ರಾಂಗೆಸ್ಟ್!' ಅಂತ ಕೂಗುತ್ತಾರೆ.

'ಮೋರ್ ಬೆಟರ್' ಬರೆದವರಿಗೆ ಈಗಲೂ ಗೆರೆ ಎಳೆಯುತ್ತೇನೆ, ಇಲ್ಲದಿದ್ದರೆ ಅಂಕ ಹೋಗುತ್ತದೆ, ನಾಳೆ ಇಂಟರ್‌ವ್ಯೂನಲ್ಲಿ ಯಾರೋ ನಗುತ್ತಾರೆ. ಆದರೆ ಗೆರೆಯ ಜೊತೆಗೆ ಇದು ಇನ್ನೂರ ಅರವತ್ತು ವರ್ಷದ ಹಿಂದೆ ಒಬ್ಬ ಪಾದ್ರಿ ಗಟ್ಟಿಮಾಡಿದ ರೂಢಿ, ಅದಕ್ಕೂ ಮುಂಚೆ ದೊಡ್ಡ ದೊಡ್ಡವರು ನಿನ್ನ ಥರಾನೇ ಬರೆಯುತ್ತಿದ್ದರು ಅಂತ ಹೇಳುತ್ತೇನೆ. ರೂಢಿ ಕಲಿಯಬೇಕು, ನಾಚಿಕೆಪಡಬೇಕಿಲ್ಲ. ಇವೆರಡನ್ನೂ ಬೇರೆ ಮಾಡಿ ಕೊಡುವುದೇ ಮೇಷ್ಟ್ರ ಕೆಲಸ ಅಂತ ನನಗನ್ನಿಸುತ್ತದೆ.

ಕೊನೆಗೊಂದು ಕೋರಿಕೆ ಗೆಳೆಯರೆ. ನಿಮ್ಮೂರ ಕಡೆ, ನಿಮ್ಮ ಮನೆಮಾತಿನಲ್ಲಿ 'ಎಲ್ಲಕ್ಕಿಂತ ದೊಡ್ಡದು' ಎಂಬುದನ್ನು ಹೇಗೆ ಹೇಳುತ್ತೀರಿ? ಮೊಟ್ಟಮೊದಲು, ಕಟ್ಟಕಡೆ ಥರದ ಪದಗಳು ಇನ್ನೂ ಯಾವುವಿವೆ? ಧಾರವಾಡ, ಕುಂದಾಪುರ, ಚಾಮರಾಜನಗರ, ಎಲ್ಲಿಯದಾದರೂ ಸರಿ, ಬರೆದು ತಿಳಿಸಿ. ಮುಂದಿನ ವರ್ಷದ ಪಾಠಕ್ಕೆ ಬೇಕು.